ಬೆಂಗಳೂರಿನ ಬರಗಾಲ: ಒಂದು ಪರಿಶೀಲನೆ

'ಬರ' ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಬಿರುಕುಬಿಟ್ಟ ಹೊಲ, ಬಡಕಲು ದನ, ಗುಳೆ ಹೊರಟ ಸಂಸಾರ. ಪಟ್ಟಣಕ್ಕೂ ಬರಕ್ಕೂ ಸಂಬಂಧವುಂಟೆಂದು ನಾವು ಸಾಮಾನ್ಯವಾಗಿ ಎಣಿಸುವುದಿಲ್ಲ. ನಮ್ಮ ತಂದೆಯವರೂ ಎಣಿಸಿರಲಿಲ್ಲ. 2001ರಿಂದ ಸತತವಾಗಿ ಮೂರು ವರ್ಷ ನಾಡಿನಲ್ಲಿ ಮಳೆ ಕೈಕೊಟ್ಟಾಗ ಅವರು ಪಾವಗಡದ ಕಡೆಯ ತಮ್ಮ ಎರಡೆಕರೆ ಕಡಲೆಕಾಯಿ ಹೊಲವನ್ನು ಬಿಟ್ಟು ಇಲ್ಲಿಗೆ ಬಂದು, ಜೆ.ಪಿ. ನಗರದಲ್ಲಿ ಮನೆಗಳಿಗೆ ಪಾಯ ತೋಡುವ ಕೂಲಿಗೆ ಸೇರಿದರು. "ಊರಲ್ಲಾದರೆ ಮೋಡ ನೋಡಬೇಕು, ಇಲ್ಲಿ ನಲ್ಲಿ ತಿರುಗಿಸಿದರೆ ಆಯಿತು" ಎಂದು ನಮ್ಮ ತಾಯಿ ಬಹಳ ದಿನ ಹೇಳುತ್ತಿದ್ದರು.

2024ರ ಮಾರ್ಚಿಯಲ್ಲಿ, ನಾನು ಪ್ರಥಮ ಬಿ.ಎ. ತರಗತಿಯಲ್ಲಿದ್ದಾಗ, ಪುಟ್ಟೇನಹಳ್ಳಿಯ ನಮ್ಮ ವಠಾರದ ಕೊಳವೆಬಾವಿ ಬತ್ತಿತು. ಆರು ಸಂಸಾರಗಳು ಟ್ಯಾಂಕರಿನ ಮುಂದೆ ಕೊಡಗಳನ್ನು ಸಾಲಾಗಿಟ್ಟು ಕಾಯಬೇಕಾಯಿತು. ಮೊದಲ ಪಾಠಕ್ಕೆ ನಾನು ತಡವಾಗಿ ಬಂದ ದಿನಗಳು ಹಲವು. ಒಂದು ದಿನ ನಮ್ಮ ಭೂಗೋಳದ ಅಧ್ಯಾಪಕರು ಕಾರಣವನ್ನು ಕೇಳಿ, "ಹಾಗಾದರೆ ಬೆಂಗಳೂರಿನ ಬರಗಳ ಚರಿತ್ರೆಯನ್ನೇ ಬರೆದುಕೊಂಡು ಬಾ" ಎಂದರು. ಆಗ ಆರಂಭಿಸಿದ ಓದಿನ ಫಲವೇ ಈ ಲೇಖನ.

ಮೊದಲು ಮಳೆಯ ವಿಚಾರ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ನಮ್ಮ ನಗರಕ್ಕೆ ವರ್ಷಕ್ಕೆ ಸರಾಸರಿ 970 ಮಿ.ಮೀ.ಗಳಷ್ಟು ಮಳೆ ಬೀಳುತ್ತದೆ. ಇದು ಅಲ್ಪವೇನೂ ಅಲ್ಲ. ಆದರೆ ಊರು ಕುಳಿತಿರುವುದು ಒಂದು ದಿಣ್ಣೆಯ ನೆತ್ತಿಯ ಮೇಲೆ. ಪಡುವಣ ಮಗ್ಗುಲಿನ ನೀರು ವೃಷಭಾವತಿಯಾಗಿ ಅರ್ಕಾವತಿಯನ್ನೂ ಅಲ್ಲಿಂದ ಕಾವೇರಿಯನ್ನೂ ಸೇರುತ್ತದೆ. ಮೂಡಣದ್ದು ದಕ್ಷಿಣ ಪಿನಾಕಿನಿಯ ಪಾಲು. ಜೀವನದಿಯೊಂದೂ ಇಲ್ಲಿ ಹರಿಯುವುದಿಲ್ಲ. ಆದುದರಿಂದಲೇ ಹಿಂದಿನವರು ಓಡುವ ನೀರನ್ನು ಕಟ್ಟೆಹಾಕಿ ನಿಲ್ಲಿಸಿದರು. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳ ಎಂದು ನಾವು ಬಸ್ಸಿನಲ್ಲಿ ಟಿಕೆಟ್ಟು ಕೇಳುವ ಹೆಸರುಗಳೆಲ್ಲ ಕೆರೆಗಳುಳ್ಳ ಊರುಗಳ ಹೆಸರುಗಳೇ.

ಬರಗಳು ಹೊಸವಲ್ಲ. ಮರಗಳ ವಾರ್ಷಿಕ ಬಳೆಗಳನ್ನು ಅಳೆದು ಏಷ್ಯಾಖಂಡದ ಹಳೆಯ ಮಳೆಗಾಲಗಳನ್ನು ಗುರುತಿಸಿದ ಒಂದು ನಕ್ಷಾಸಂಪುಟ 2010ರಲ್ಲಿ ಪ್ರಕಟವಾಯಿತು. 1790ರ ದಶಕದ ಬರವೂ 1876-78ರ ಬರವೂ ಅದರಲ್ಲಿ ಎದ್ದುಕಾಣುತ್ತವೆ. ಈ ಎರಡನೆಯದೇ ನಮ್ಮ ಹಿರಿಯರು 'ಧಾತು ಈಶ್ವರ ಸಂವತ್ಸರದ ಬರ' ಎಂದು ಕರೆಯುತ್ತಿದ್ದ ಕ್ಷಾಮ. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಅಂಕಿಯನ್ನು ಮೊದಲು ಓದಿದಾಗ ಅಚ್ಚಿನ ತಪ್ಪಿರಬೇಕೆಂದು ಮತ್ತೊಮ್ಮೆ ನೋಡಿದೆ. ಶಾಂತಸಾಗರದ ನಡುಭಾಗದ ನೀರು ಬಿಸಿಯೇರುವ 'ಎಲ್ ನಿನೊ' ಎಂಬ ಸ್ಥಿತಿಯು 1877ರಲ್ಲಿ ಪ್ರಬಲವಾಗಿತ್ತು. 2002, 2015, 2023ರಲ್ಲಿಯೂ ಅದು ತಲೆದೋರಿತು. ಆದರೆ ಎಲ್ ನಿನೊ ಬಂದಾಗಲೆಲ್ಲ ಬರ ಬರಲೇಬೇಕೆಂದಿಲ್ಲ. 1997ರಲ್ಲಿ ಅದು ಬಹು ಬಲವಾಗಿದ್ದರೂ ಭಾರತದಲ್ಲಿ ಮುಂಗಾರು ಸೋಲಲಿಲ್ಲ.

ಇಲ್ಲಿಯವರೆಗೆ ನಾನು ಆಕಾಶವನ್ನೇ ದೂಷಿಸುತ್ತ ಬಂದಿದ್ದೆ. ನನ್ನ ಅಭಿಪ್ರಾಯವನ್ನು ಬದಲಾಯಿಸಿದ್ದು ಅರ್ಕಾವತಿಯ ಕಥೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ ಬೆಂಗಳೂರಿಗೆ ನಲ್ಲಿಯ ನೀರು ಬಂದಿತು. ಮೂವತ್ತು ವರ್ಷ ಕಳೆಯುವುದರೊಳಗೆ ಮಳೆ ಸೋತು ಹೆಸರಘಟ್ಟ ಬತ್ತಿಹೋಯಿತು. ಆಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ಅದೇ ನದಿಗೆ ಕೆಳಗಡೆ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟನ್ನು ಕಟ್ಟಿದರು. 1933ರಲ್ಲಿ ಅದು ಮುಗಿಯಿತು. ಕಾಲಾನುಕ್ರಮದಲ್ಲಿ ಅದಕ್ಕೂ ಒಳಹರಿವು ಕ್ಷೀಣಿಸಿತು. ಮಳೆ ಕಡಮೆಯಾಗಿರಬೇಕೆಂದು ಯಾರಾದರೂ ಊಹಿಸುವರು. ಆದರೆ ಬೆಂಗಳೂರಿನ ಅಶೋಕ ಟ್ರಸ್ಟಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯ ಮಾತನ್ನೇ ಹೇಳುತ್ತದೆ. ಮಳೆಯ ಇಳಿತದಿಂದಾಗಲಿ ಉಷ್ಣತೆಯ ಏರಿಕೆಯಿಂದಾಗಲಿ ಆ ನದಿಯ ಒಣಗುವಿಕೆಯನ್ನು ವಿವರಿಸಲು ಸಾಧ್ಯವಿಲ್ಲವಂತೆ. ಅವರು ಬೊಟ್ಟುಮಾಡುವುದು ಕೊಳವೆಬಾವಿಗಳನ್ನು, ನೀಲಗಿರಿ ತೋಪುಗಳನ್ನು, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಚಿಕ್ಕ ಒಡ್ಡುಗಳನ್ನು. ಮಳೆಯಿದ್ದೂ ನದಿ ಸಾಯಬಹುದು ಎಂಬುದು ನನಗೆ ಹೊಸ ಪಾಠವಾಯಿತು.

ಇದೇ ಪಾಠ ನಗರಕ್ಕೂ ಅನ್ವಯಿಸುತ್ತದೆ. 2022ರಲ್ಲಿ ಬೆಂಗಳೂರಿನಲ್ಲಿ 1,900 ಮಿ.ಮೀ.ಗೂ ಮೀರಿ ಮಳೆ ಸುರಿಯಿತು. 2017ರ 1,696 ಮಿ.ಮೀ.ಗಳ ದಾಖಲೆಯೂ ಹಿಂದೆ ಬಿದ್ದಿತು. ಮಹದೇವಪುರದ ಕಡೆ ಜನರನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಮರುವರ್ಷ ಮುಂಗಾರು ಸೋತಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದರು. 2024ರ ಮಾರ್ಚಿಯ ವೇಳೆಗೆ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ತಿಳಿಸಿತು. ದಾಖಲೆಯ ಮಳೆಗೂ ಖಾಲಿ ಕೊಡಕ್ಕೂ ನಡುವೆ ಹದಿನೆಂಟು ತಿಂಗಳು!

ಆ ನೀರೆಲ್ಲ ಎಲ್ಲಿ ಹೋಯಿತು? ಲಾಲ್‌ಬಾಗಿನ ಬಂಡೆಯ ಮೇಲೆ ನಿಂತವರಿಗೆ ಉತ್ತರದ ಅರ್ಧಭಾಗ ಕಾಲಡಿಯಲ್ಲೇ ಇದೆ. ಸುಮಾರು 300 ಕೋಟಿ ವರ್ಷಗಳ ಹಿಂದಿನ ಗಟ್ಟಿ ಶಿಲೆ ಅದು. ಇಂತಹ ನೆಲದಲ್ಲಿ ಮೇಲ್ಪದರದ ಸಡಿಲ ಮಣ್ಣಿನಲ್ಲೂ ಬಂಡೆಯ ಬಿರುಕುಗಳಲ್ಲೂ ಮಾತ್ರ ನೀರು ನಿಲ್ಲಬಲ್ಲುದು. ಉತ್ತರದ ಉಳಿದರ್ಧ ಮೇಲಿದೆ: ಮಣ್ಣಿನ ಮೇಲೆ ನಾವು ಕಾಂಕ್ರೀಟು ಹಾಸಿದ್ದೇವೆ, ಧರ್ಮಾಂಬುಧಿ ಕೆರೆಯನ್ನು ಬಸ್‌ನಿಲ್ದಾಣವನ್ನಾಗಿಯೂ ಸಂಪಂಗಿ ಕೆರೆಯನ್ನು ಕ್ರೀಡಾಂಗಣವನ್ನಾಗಿಯೂ ಮಾಡಿದ್ದೇವೆ. ಪಾಯ ತೋಡಿದವರ ಮನೆಯಲ್ಲಿ ಹುಟ್ಟಿದ ನಾನು ಈ ಮಾತನ್ನು ಬರೆಯುವಾಗ ಸ್ವಲ್ಪ ಸಂಕೋಚಪಟ್ಟೆನೆಂಬುದನ್ನೂ ಹೇಳಿಬಿಡಬೇಕು.

ಇನ್ನು ನಲ್ಲಿಯ ನೀರು. 1974ರಿಂದ ಕಾವೇರಿಯು ನಮ್ಮನ್ನು ಸಲಹುತ್ತಿದ್ದಾಳೆ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ನೀರನ್ನು ಹಂತಹಂತವಾಗಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತದಿಂದ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಏರ್ಪಾಡಾಗಿದೆ. ಸಂತೋಷವೇ. ಆದರೆ ಇದರಿಂದ ಬರವು ನಿವಾರಣೆಯಾಗಲಿಲ್ಲ, ಸ್ಥಳ ಬದಲಾಯಿಸಿತು ಎಂದು ನನ್ನ ಭಾವನೆ. ಜಯನಗರದಲ್ಲಿ ಮಳೆ ಸುರಿಯುತ್ತಿದ್ದರೂ ಕೊಡಗಿನಲ್ಲಿ ಸುರಿಯದಿದ್ದರೆ ನಮಗೆ ಬರವೇ. ಆಗ ಮಂಡ್ಯದ ರೈತನಿಗೂ, ಅವನಾಚೆ ತಂಜಾವೂರಿನವನಿಗೂ ಬೇಕಾದ ನೀರಿಗೆ ನಾವೂ ಕೈಯೊಡ್ಡುವವರಾಗುತ್ತೇವೆ.

ಹವಾಮಾನದ ಬದಲಾವಣೆಯು ಈ ತೂಗಾಟವನ್ನು ಹೆಚ್ಚಿಸುತ್ತಿದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿಯು ಹಿಡಿಯಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುವುದೆಂಬುದು ಭೌತಶಾಸ್ತ್ರದ ನಿಯಮ. ಅಂದರೆ ಒಣಗುವಾಗ ಬೇಗ ಒಣಗುತ್ತದೆ, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. 2024ರ ಏಪ್ರಿಲಿನಲ್ಲಿ ನಗರದ ವೀಕ್ಷಣಾಲಯದಲ್ಲಿ ಅಳೆಯುವಷ್ಟು ಮಳೆಯೇ ಬೀಳಲಿಲ್ಲ. "ಅಶ್ವಿನಿ ಒಣಗಿಹೋಯಿತು" ಎಂದರು ನಮ್ಮ ತಂದೆಯವರು. ರೋಹಿಣಿಯಲ್ಲಿ, ಜೂನ್ 2ರಂದು, ಒಂದೇ ದಿನ 111 ಮಿ.ಮೀ. ಸುರಿದು 1891ರಿಂದ ನಿಂತಿದ್ದ ಜೂನ್ ತಿಂಗಳ ದಾಖಲೆಯನ್ನು ಮುರಿಯಿತು. ಪುಸ್ತಕದ ಸರಾಸರಿಗೆ ಎರಡೂ ಸೇರಿ ಸರಿಹೋಗುತ್ತದೆ. ಸರಾಸರಿಯನ್ನು ಕೊಡದಲ್ಲಿ ತುಂಬಿಕೊಳ್ಳಲು ಬರುವುದಿಲ್ಲ.

ಜಯನಗರದ ಐದನೆಯ ಬ್ಲಾಕಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲಿನ ಉದ್ಯಾನವೊಂದಿದೆ; ಮಿತ್ರರು ಒಮ್ಮೆ ನೋಡತಕ್ಕದ್ದು. ಅಲ್ಲಿಂದ ಬಂದು ನಾನೊಂದು ಲೆಕ್ಕ ಹಾಕಿದೆ. ಮೂವತ್ತು-ನಲವತ್ತರ ನಿವೇಶನದ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು 1,08,000 ಲೀಟರ್. ಮೂರನೆಯ ಒಂದು ಪಾಲು ಕಳೆದರೂ 72,000 ಉಳಿಯುತ್ತದೆ. ಐದು ಜನರ ಸಂಸಾರವೊಂದು ದಿನಕ್ಕೆ 500 ಲೀಟರ್ ಬಳಸಿದರೆ 144 ದಿನ ನಡೆಯುತ್ತದೆ. ಆರು ಸಂಸಾರಗಳ ವಠಾರಕ್ಕಾದರೆ 24 ದಿನ ಮಾತ್ರ! ಬಡವರ ಸೂರು ಚಿಕ್ಕದು, ಅದರ ಕೆಳಗಿನ ತಲೆಗಳು ಹೆಚ್ಚು. ಮನೆಮನೆಯ ಉಪಾಯ ನಮಗೆ ಸಾಲದು, ಕೆರೆಯೇ ಬೇಕು. ನಮ್ಮ ಪುಟ್ಟೇನಹಳ್ಳಿಯ ಕೆರೆಯನ್ನು ಸುತ್ತಲಿನ ನಿವಾಸಿಗಳೇ ಸಂಘ ಕಟ್ಟಿಕೊಂಡು ಉಳಿಸಿಕೊಂಡರೆಂಬುದು ಈ ನಿರಾಶೆಯ ನಡುವೆ ನಾನು ಕಂಡ ಒಂದು ಸಮಾಧಾನ.

ನಮ್ಮ ತಂದೆಯವರಿಗೆ ಓದು ಬಾರದು. ಈ ಲೇಖನವನ್ನು ನಾನೇ ಅವರಿಗೆ ಓದಿಹೇಳಿದೆ. ಧಾತು ಈಶ್ವರದ ಭಾಗವನ್ನು ಎರಡು ಸಲ ಕೇಳಿದರು. ಆಮೇಲಿಂದ ಮಳೆಗಾಲದ ದಿನಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಪತ್ರಿಕೆಯನ್ನು ನನ್ನ ಕೈಗಿಟ್ಟು, "ಕನ್ನಂಬಾಡಿ ಇವತ್ತು ಎಷ್ಟಡಿ, ನೋಡು ಮಗಾ" ಎಂದು ಕೇಳುತ್ತಾರೆ.