ತಡೆದವರು ಕಾರಣ ಹೇಳದಿದ್ದರೆ

ಕಾರಣ ಹೇಳದೆ ಜಾಲತಾಣ ತಡೆದದ್ದಕ್ಕೆ ನಿಮಗೆ ಬಂದ ಸಿಟ್ಟು ನ್ಯಾಯವಾದದ್ದೇ. ಅದನ್ನು ತೆರೆದರೆ 'ಸರ್ಕಾರದ ಆದೇಶದಂತೆ ತಡೆಹಿಡಿಯಲಾಗಿದೆ' ಎಂಬ ಒಂದು ಸಾಲು ಕಾಣುತ್ತದೆ, ಅಷ್ಟೇ. ಆದೇಶದ ಪ್ರತಿ ಮಾತ್ರ ಕೈಗೆ ಸಿಗುವುದಿಲ್ಲ.

ಮೊದಲು, ತಡೆದದ್ದು ಕೋರ್ಟೋ ಸರ್ಕಾರವೋ ತಿಳಿದುಕೊಳ್ಳಿ. ಸಿನಿಮಾ ಪೈರಸಿ ತಾಣಗಳನ್ನು ಹೆಚ್ಚಾಗಿ ಕೋರ್ಟುಗಳೇ ತಡೆಯುತ್ತವೆ. ತಡೆದದ್ದು ಕೋರ್ಟಾದರೆ ಅದೇ ಕೋರ್ಟಿಗೆ ಹೋಗಬೇಕು. ಸರ್ಕಾರವಾದರೆ, ಅದು ತಡೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ. ಇದರ 2009ರ ನಿಯಮಗಳ ಪ್ರಕಾರ ನೋಟಿಸ್ ಕೊಟ್ಟು, ಉತ್ತರಿಸಲು ಕನಿಷ್ಠ 48 ಗಂಟೆ ಬಿಡಬೇಕು. ಆದರೆ ತುರ್ತು ಎಂದರೆ ಮೊದಲು ತಡೆ, ವಿಚಾರಣೆ ಆಮೇಲೆ. 16ನೇ ನಿಯಮವಂತೂ ಎಲ್ಲವನ್ನೂ ಗೋಪ್ಯವೆನ್ನುತ್ತದೆ. ಈ ತಡೆ ಆದೇಶಗಳನ್ನು ಪರಿಶೀಲಿಸುವ ಸಮಿತಿಯಲ್ಲೂ ಇರುವವರು ಅಧಿಕಾರಿಗಳೇ, ನ್ಯಾಯಾಧೀಶರು ಒಬ್ಬರೂ ಇಲ್ಲ. ನನ್ನ ತಕರಾರು ಇರುವುದು ಇಲ್ಲೇ. ವಂಚನೆಯ ತಾಣ ಮುಚ್ಚಲಿ, ಬೇಡವೆನ್ನುವವರಾರು? ಆದರೆ ದೂರುವವರೂ ತೀರ್ಪು ಕೊಡುವವರೂ ಒಂದೇ ಕಡೆಯವರಾಗಬಾರದು.

2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ 69ಎ ಕಲಮನ್ನು ಎತ್ತಿಹಿಡಿಯಿತು. ಕಾರಣಗಳನ್ನು ಬರಹದಲ್ಲಿ ದಾಖಲಿಸಲೇಬೇಕು, ಅವುಗಳನ್ನು ರಿಟ್ ಅರ್ಜಿಯಲ್ಲಿ ಪ್ರಶ್ನಿಸಬಹುದು ಎಂದೂ ಹೇಳಿತು. ನಿಮಗಿರುವ ಆಧಾರವೂ ಅದೇ.

ಆ ಪುಟದ ಸ್ಕ್ರೀನ್‌ಶಾಟ್ ದಿನಾಂಕದ ಸಮೇತ ಇಟ್ಟುಕೊಳ್ಳಿ. ಆದೇಶದ ಪ್ರತಿ ಕೇಳಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ನೋಂದಾಯಿತ ಅಂಚೆಯಲ್ಲಿ ಬರೆಯಿರಿ. ಉತ್ತರ ಬಾರದಿದ್ದರೆ ತಡಮಾಡಬೇಡಿ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಿ.