ಚೊಚ್ಚಲ ಬಾಣಂತಿಯೂ ಎದೆಹಾಲೂ

ಶಿಶುವು ಭೂಮಿಗೆ ಬಂದೊಡನೆ ಸ್ವೀಕರಿಸಬೇಕಾದ ಮೊದಲ ಪ್ರಸಾದವೆಂದರೆ ತಾಯಿಯ ಎದೆಹಾಲು. ಆದರೆ ಹೆತ್ತ ಮಾತ್ರಕ್ಕೆ ಹಾಲೂಡಿಸುವ ಕ್ರಮವೂ ತಾನಾಗಿ ಬರುವುದೆಂಬ ಭಾವನೆ ಸರಿಯಲ್ಲ. ಅದನ್ನು ತಾಯಿ ಮಗು ಇಬ್ಬರೂ ಕೂಡಿ ಕಲಿಯಬೇಕಾಗುತ್ತದೆ. ಮೈಸೂರಿನ ನಮ್ಮ ಚಿಕಿತ್ಸಾಲಯಕ್ಕೆ ಬರುವ ಅನೇಕ ಚೊಚ್ಚಲ ಬಾಣಂತಿಯರು ‘ನನಗೆ ಹಾಲು ಸಾಲದು’ ಎಂದು ಕಣ್ಣೀರಿಡುತ್ತಾರೆ. ವಿಚಾರಿಸಿದರೆ, ಆ ಮಾತು ಮೊದಲು ಹುಟ್ಟಿದ್ದು ಮನೆಯ ಹಿರಿಯರ ಬಾಯಲ್ಲಿ ಎಂದು ತಿಳಿಯುತ್ತದೆ.

ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವ ಹಾಲು ಹಳದಿ ಬಣ್ಣದ್ದು, ಮಂದವಾದುದು, ಪ್ರಮಾಣದಲ್ಲಿ ಅಲ್ಪ. ಈ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬಾರದು. ರೋಗನಿರೋಧಕ ಶಕ್ತಿ ಅದರಲ್ಲಿ ಅಡಗಿದೆ. ಶಿಶುವಿನ ಪುಟ್ಟ ಜಠರಕ್ಕೆ ಆ ಸಮಯದಲ್ಲಿ ಅಷ್ಟೇ ಸಾಕು. ಮೂರು ನಾಲ್ಕು ದಿನಗಳ ಬಳಿಕ ಹಾಲು ತುಂಬಿ ಇಳಿಯುವುದೆಂದು ಸುಶ್ರುತಾಚಾರ್ಯರು ಹೇಳಿದ್ದಾರೆ. ಆಧುನಿಕ ವೈದ್ಯಶಾಸ್ತ್ರದ ಅಭಿಪ್ರಾಯವೂ ಅದೇ. ಈ ನಡುವೆ ಮಗುವಿನ ತೂಕ ಸ್ವಲ್ಪ ಇಳಿದು, ಸಾಮಾನ್ಯವಾಗಿ ಎರಡು ವಾರದೊಳಗೆ ಮರಳುತ್ತದೆ. ಗಾಬರಿಯಿಂದ ಡಬ್ಬಿಯ ಹಾಲು ಕೊಟ್ಟರೆ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪದಿದ್ದರೆ ಹಾಲು ಉತ್ಪತ್ತಿಯಾಗದು. ಹೀಗೆ ಇಲ್ಲದ ಕೊರತೆಯನ್ನು ನಾವೇ ತಂದುಕೊಳ್ಳುತ್ತೇವೆ.

ನವಜಾತ ಶಿಶುವಿಗೆ ಜೇನುತುಪ್ಪವನ್ನು ತುಪ್ಪದೊಡನೆ ನೆಕ್ಕಿಸುವ ವಿಧಿ ನಮ್ಮ ಸಂಹಿತೆಗಳಲ್ಲಿ ಇರುವುದು ನಿಜ. ಆದರೂ ಆಯುರ್ವೇದವನ್ನೇ ಓದಿದ ನಾವು ಅದು ಈಗ ಬೇಡವೆಂದು ಸ್ಪಷ್ಟವಾಗಿ ಹೇಳುತ್ತೇವೆ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಒಂದು ವರ್ಷದೊಳಗಿನ ಮಕ್ಕಳಿಗೆ ಬಾಟ್ಯುಲಿಸಂ ಎಂಬ ಪ್ರಾಣಾಂತಿಕ ವ್ಯಾಧಿಯನ್ನು ತರಬಲ್ಲುದು. ಸಕ್ಕರೆ ನೀರು, ಕತ್ತೆಯ ಹಾಲುಗಳೂ ಬೇಡ. ಶಿಶುವಿಗೆ ವಿಭೂತಿಧಾರಣೆ, ಲಿಂಗಧಾರಣೆಗಳು ನಡೆಯಲಿ; ಪಾದೋದಕವನ್ನು ತಾಯಿ ಸ್ವೀಕರಿಸಲಿ. ಮಗುವಿನ ಬಾಯಿಗೆ ಮಾತ್ರ ಆರು ತಿಂಗಳು ಎದೆಹಾಲು, ವೈದ್ಯರು ಸೂಚಿಸಿದ ಔಷಧ, ಇವೆರಡರ ಹೊರತು ನೀರೂ ಬೇಡ.

ಈಚೆಗೆ ಐದು ದಿನದ ಹಸುಗೂಸಿನೊಡನೆ ಒಬ್ಬ ತಾಯಿ ಬಂದಿದ್ದರು. ಮೊಲೆತೊಟ್ಟು ಒಡೆದು ರಕ್ತ ಜಿನುಗುತ್ತಿತ್ತು. ಹಾಲಿಗೆ ಕೊರತೆಯಿರಲಿಲ್ಲ; ಮಗು ತೊಟ್ಟನ್ನಷ್ಟೇ ಕಚ್ಚಿ ಎಳೆಯುತ್ತಿತ್ತು. ತಾಯಿ ಬೆನ್ನಿಗೆ ಆಸರೆ ಪಡೆದು ಕುಳಿತು, ಮಗುವಿನ ಹೊಟ್ಟೆ ತನ್ನ ಹೊಟ್ಟೆಗೆ ತಾಗುವಂತೆ ಹಿಡಿಯಬೇಕು. ಮಗು ಬಾಯನ್ನು ಅಗಲವಾಗಿ ತೆರೆದಾಗ, ತೊಟ್ಟಿನೊಡನೆ ಅದರ ಸುತ್ತಲ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಬೇಕು. ಇಷ್ಟನ್ನು ತಿದ್ದಿದ ಮೇಲೆ ಆ ತಾಯಿಯ ನೋವು ಕೆಲವೇ ದಿನಗಳಲ್ಲಿ ತಗ್ಗಿತು. ಎದೆ ಕಟ್ಟಿ ಬಿಗಿದಾಗಲೂ ಹಾಲೂಡಿಸುವುದನ್ನು ನಿಲ್ಲಿಸಬಾರದು. ಮೊದಲು ಸ್ವಲ್ಪ ಹಿಂಡಿ ಮೃದುಗೊಳಿಸಿ ಬಳಿಕ ಕುಡಿಸಬೇಕು.

ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ, ಕುಡಿಸಬೇಕಾಗುತ್ತದೆ. ಐದನೆಯ ದಿನದ ನಂತರ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆಯೆಂದೇ ಅರ್ಥ. ಮೂತ್ರ ಕಡಿಮೆಯಾದರೆ, ಮಗು ಮಂಕಾಗಿ ಕುಡಿಯದಿದ್ದರೆ, ಮೈ ಹಳದಿಯಾಗುತ್ತಿದ್ದರೆ, ತಾಯಿಗೆ ಜ್ವರ ಬಂದು ಎದೆ ಕೆಂಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೆಲವರಿಗೆ ನಿಜವಾಗಿಯೂ ಹಾಲು ಸಾಲದಿರಬಹುದು; ಆಗ ಮಕ್ಕಳ ವೈದ್ಯರ ಸಲಹೆಯಂತೆ ಬೇರೆ ಹಾಲು ಕೊಡುವುದು ತಾಯಿಯ ತಪ್ಪೇನೂ ಅಲ್ಲ.

ಶತಾವರಿಯಂತಹ ಔಷಧಗಳನ್ನು ನಾವೂ ಕೊಡುತ್ತೇವೆ. ಆದರೆ ಅವು ಮಗುವಿನ ಚೀಪುವಿಕೆಗೆ ಬದಲಿಯಲ್ಲ. ಬಾಣಂತಿಗೆ ನೀರು ಕೊಡಬಾರದೆಂಬ ನಿರ್ಬಂಧವನ್ನು ಬಿಡಬೇಕು; ಬಾಯಾರಿದಷ್ಟು ಬೆಚ್ಚನೆಯ ನೀರು, ಹೊಟ್ಟೆ ತುಂಬ ಊಟ, ನಿದ್ರೆ ಆಕೆಗೆ ಬೇಕು. ಕೋಪ ಶೋಕಗಳಿಂದ ಸ್ತನ್ಯವು ಬತ್ತುವುದೆಂದೂ, ಮಗುವಿನ ಸ್ಪರ್ಶ, ದರ್ಶನ, ಸ್ಮರಣೆಗಳಿಂದ ಅದು ಒಸರುವುದೆಂದೂ ಸುಶ್ರುತಾಚಾರ್ಯರು ತಿಳಿಸಿದ್ದಾರೆ. ಆದುದರಿಂದ ಅತ್ತೆ, ತಾಯಿ, ಪತಿ ಎಲ್ಲರಲ್ಲೂ ನಮ್ಮ ವಿನಂತಿ ಇಷ್ಟೇ: ‘ಹಾಲು ಸಾಲದು’ ಎನ್ನುವ ಮೊದಲು ಮಗುವಿನ ಮೂತ್ರ, ತೂಕಗಳನ್ನು ಗಮನಿಸಿರಿ. ಆಕೆ ಹಾಲೂಡಿಸುವಾಗ ಉಳಿದ ಮನೆಗೆಲಸವನ್ನು ನೀವು ಹೊತ್ತುಕೊಳ್ಳಿರಿ. ಬಾಣಂತಿಗೆ ಸಲ್ಲಿಸುವ ಆ ಸೇವೆಯೂ ದಾಸೋಹವೇ ಆಗಿದೆ.