ಕಾಲುನೋವಿಗೆ ಹೆಸರು ಸಿಗುವ ತನಕ

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಕೊಪ್ಪದ ಹತ್ತಿರ ನಮ್ಮ ಮನೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಹೋಗುತ್ತೇನೆ, ಉಳಿದ ದಿನ ಮನೆ, ಕೊಟ್ಟಿಗೆ. ಎರಡು ವರ್ಷದಿಂದ ಸಂಜೆಯಾದರೆ ಎರಡೂ ಮೀನಖಂಡ ಬಿಗಿದುಕೊಳ್ಳುತ್ತವೆ. ರಾತ್ರಿ ಅಂಗಾಲು ಉರಿ. ಕಾಲನ್ನು ಒಂದು ಕಡೆ ಇಟ್ಟು ಮಲಗಲು ಆಗುವುದಿಲ್ಲ, ಎದ್ದು ಓಡಾಡಿದರೆ ಸ್ವಲ್ಪ ಹಾಯೆನಿಸುತ್ತದೆ. ಬೆಳಿಗ್ಗೆ ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದಂತೆ. ಮಂಡಿ, ಪಾದದ ಎಕ್ಸ್‌ರೇ ಆಯಿತು, ರಕ್ತಪರೀಕ್ಷೆಯೂ ಆಯಿತು. ಎಲ್ಲ ನಾರ್ಮಲ್ ಅಂದರು. ಯಜಮಾನರು ಒಳ್ಳೆಯವರೇ, ಆದರೆ ‘ಡಾಕ್ಟ್ರೇ ಏನಿಲ್ಲ ಅಂದ್ರಲ್ಲ’ ಅನ್ನುತ್ತಾರೆ. ನನ್ನ ತವರು ನರಸಿಂಹರಾಜಪುರದ ಕಡೆ. ಅಮ್ಮನ ಚಿಕ್ಕಪ್ಪನ ಮನೆಯಲ್ಲಿ ಇಬ್ಬರಿಗೆ ಹಂದಿಗೋಡು ಕಾಯಿಲೆ ಇದೆ. ಅವರು ಬಗ್ಗಿ ಕೋಲೂರಿ ನಡೆಯುವುದನ್ನು ನೋಡುತ್ತಲೇ ಬೆಳೆದೆ. ಅಮ್ಮ, ಅಜ್ಜ ಚೆನ್ನಾಗಿಯೇ ನಡೆದವರು. ನನಗೂ ಅದೇ ಶುರುವಾಗಿದೆಯಾ? ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ಯಾರ ಹತ್ತಿರವೂ ಹೇಳಲು ಹೆದರಿಕೆ. ಇಲ್ಲ, ಇದೆಲ್ಲ ನನ್ನ ಮನಸ್ಸಿನದೇ ಆಟವಾ?
— ಹೆಸರು ಬೇಡ, ಕೊಪ್ಪ ತಾಲ್ಲೂಕು

ತಂಗಿ, ನಿಮ್ಮ ನೋವು ನಿಜ. ಈ ಮಾತನ್ನು ಎರಡು ವರ್ಷದಿಂದ ಯಾರೂ ನಿಮಗೆ ಹೇಳಿದಂತಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ರೋಗ ಯಾವುದೆಂದು ನಿರ್ಧರಿಸಬೇಕಾದವರು ವೈದ್ಯರು. ಆದರೆ ಅವರ ಮುಂದೆ ಏನು ಹೇಳಬೇಕು, ಏನು ಕೇಳಬೇಕು, ಅಲ್ಲಿಯ ತನಕ ಮನೆಯಲ್ಲಿ ಹೇಗಿರಬೇಕು ಎಂಬುದನ್ನು ನಾವಿಬ್ಬರೂ ಕೂತು ಯೋಚಿಸಬಹುದು.

ನಿಮ್ಮ ನಿದ್ದೆ ಕೆಡಿಸಿರುವ ಹಂದಿಗೋಡಿನ ಭಯದಿಂದಲೇ ಶುರು ಮಾಡೋಣ. 1974–75ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಈ ಕಾಯಿಲೆ ಹೊರಜಗತ್ತಿನ ಗಮನಕ್ಕೆ ಬಂತು. ಆಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಊರುಗಳಲ್ಲಿ, ನಿಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ, ಇದೇ ತೊಂದರೆ ಇದ್ದವರು ಕಂಡುಬಂದರು. ಹೆಚ್ಚಿನವರು ದಲಿತ ಕೂಲಿ ಕುಟುಂಬದವರು. ಗದ್ದೆಗೆ ಹೊಡೆದ ಕೀಟನಾಶಕ ಏಡಿ, ಮೀನುಗಳ ಮೂಲಕ ಹೊಟ್ಟೆ ಸೇರಿ ಹೀಗಾಯಿತೆಂಬ ಅನುಮಾನ ಬಹಳ ಕಾಲ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು ಬಂದು ಅಧ್ಯಯನ ಮಾಡಿದರು. ಮುಂದೆ ಎಕ್ಸ್‌ರೇಗಳನ್ನೂ ವಂಶಾವಳಿಗಳನ್ನೂ ಜೊತೆಗಿಟ್ಟು ನೋಡಿದಾಗ, ಇದು ಮೂಳೆ ಬೆಳೆಯುವ ಹಂತದಲ್ಲೇ ಆಗುವ, ವಂಶವಾಹಿಯಲ್ಲಿ ಸಾಗಿ ಬರುವ ದೋಷವೆಂದು ಗೊತ್ತಾಯಿತು. ಯಾರ ಪಾಪವೂ ಇಲ್ಲ, ಯಾವ ಶಾಪವೂ ಇಲ್ಲ. ಮುಟ್ಟಿದರೆ ಅಂಟುವುದೂ ಇಲ್ಲ.

ಆ ಕಾಯಿಲೆ ಮುಖ್ಯವಾಗಿ ಹಿಡಿಯುವುದು ಸೊಂಟದ ಕೀಲನ್ನು, ಕೆಲವರಲ್ಲಿ ಮಂಡಿ, ಬೆನ್ನುಮೂಳೆಯನ್ನೂ. ಕೆಲವರ ಎತ್ತರವೇ ಕುಂಠಿತವಾಗುತ್ತದೆ. ಸೊಂಟದ ಎಕ್ಸ್‌ರೇ ತೆಗೆದರೆ ಕೀಲು ಸವೆದಿರುವುದು ಎದ್ದು ಕಾಣುತ್ತದೆ. ನೀವು ಬರೆದಿರುವ ಮೀನಖಂಡದ ಬಿಗಿತ, ಅಂಗಾಲಿನ ಉರಿ, ಹಿಮ್ಮಡಿಯ ಚುಚ್ಚು ಇದಕ್ಕೆ ಹೊಂದುವುದಿಲ್ಲ. ಇನ್ನೊಂದು ಸಮಾಧಾನದ ಸಂಗತಿಯೂ ಇದೆ. ಇದು ತಂದೆ ಅಥವಾ ತಾಯಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅರ್ಧದಷ್ಟು ಸಾಧ್ಯತೆಯಲ್ಲಿ ದಾಟುವ ರೀತಿಯದು. ನಿಮ್ಮ ಅಜ್ಜನಿಗೂ ಅಮ್ಮನಿಗೂ ಇರಲಿಲ್ಲ ಎಂದರೆ, ತವರಿನ ಆ ಕವಲಿನಿಂದ ನಿಮಗೆ ಬಂದಿರುವ ಸಾಧ್ಯತೆ ಬಹಳ ಕಡಿಮೆ. ನಿಮ್ಮ ಮಂಡಿ, ಪಾದಗಳ ಎಕ್ಸ್‌ರೇ ಮಾತ್ರ ಆಗಿದೆ. ಮನಸ್ಸಿಗೆ ಪೂರ್ತಿ ನೆಮ್ಮದಿ ಬೇಕೆಂದರೆ ಸೊಂಟದ್ದನ್ನೂ ಒಮ್ಮೆ ತೆಗೆಸಿಬಿಡಿ. ಮನೆತನದ ವಿಷಯವನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ನೀವು ಹೇಳದೆ ಅವರಿಗೆ ಅದು ಹೊಳೆಯುವುದಿಲ್ಲ.

ಹಾಗಾದರೆ ಈ ನೋವು ಎಲ್ಲಿಂದ ಬಂತು? ‘ಎಲ್ಲ ನಾರ್ಮಲ್’ ಅಂದರೆ ಪರೀಕ್ಷೆ ಮಾಡಿದ್ದು ಸರಿಯಿದೆ ಎಂದಷ್ಟೇ ಅರ್ಥ. ಮಾಡದೆ ಉಳಿದದ್ದು ಏನೇನಿದೆ ನೋಡಬೇಕು. ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದಾಗ ನನಗೆ ಅನ್ನಿಸಿದ್ದು, ಅಲ್ಲಿರುವುದು ಒಂದೇ ನೋವಲ್ಲ, ಹಲವು ಇರಬಹುದು. ರಾತ್ರಿ ಕಾಲು ಆಡಿಸಲೇಬೇಕೆನ್ನುವ ತಹತಹ, ಎದ್ದು ನಡೆದರೆ ತಗ್ಗುವುದು, ಇದು ದೇಹದಲ್ಲಿ ಕಬ್ಬಿಣದ ದಾಸ್ತಾನು ಇಳಿದಾಗ ಆಗುವುದುಂಟು. ಹಿಮೋಗ್ಲೋಬಿನ್ ಸರಿಯಿದ್ದೂ ಈ ದಾಸ್ತಾನು ಬರಿದಾಗಿರಬಹುದು, ಅದಕ್ಕೆ ಫೆರಿಟಿನ್ ಎಂಬ ಬೇರೆ ಪರೀಕ್ಷೆ ಇದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದರೆ ಸಂಕೋಚವಿಲ್ಲದೆ ಹೇಳಿ. ಅಂಗಾಲು ಉರಿಗೆ ಸಕ್ಕರೆ ಕಾಯಿಲೆ, ಥೈರಾಯ್ಡ್, ಬಿ12 ಕೊರತೆ ಇವುಗಳನ್ನು ನೋಡಿಸಬೇಕು. ಪಾದದಲ್ಲಿ ಎಲ್ಲಾದರೂ ಸ್ಪರ್ಶ ಗೊತ್ತಾಗದ ಮಚ್ಚೆ ಇದ್ದರೆ ತೋರಿಸಿ. ಬೆಳಗಿನ ಮೊದಲ ಹೆಜ್ಜೆಯ ನೋವು ಸಾಮಾನ್ಯವಾಗಿ ಹಿಮ್ಮಡಿಯಿಂದ ಬೆರಳುಗಳ ತನಕ ಹಾಯುವ ಪಟ್ಟಿಯಂಥ ಅಂಗಾಂಶದ್ದು. ಅದು ನಿಧಾನವಾಗಿಯಾದರೂ ವಾಸಿಯಾಗುವಂಥದ್ದು.

ಇನ್ನು ಬಿಗಿತದ ವಿಷಯ. ಇದನ್ನು ನೀವೇ ಗಮನಿಸಿ ಹೇಳಬೇಕು. ಸ್ವಲ್ಪ ದೂರ ನಡೆದಾಗ ಮೀನಖಂಡ ಹಿಡಿದು, ಸುಮ್ಮನೆ ನಿಂತರೆ ಸಾಕು ಬಿಡುತ್ತದೆಯೇ? ಆಗ ರಕ್ತನಾಳ ನೋಡಬೇಕು, ಬೀಡಿ, ಹೊಗೆಸೊಪ್ಪಿನ ಅಭ್ಯಾಸ ಇದ್ದವರಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಕೂತು ಮುಂದಕ್ಕೆ ಬಾಗಿದರೆ ಮಾತ್ರ ಹಗುರವಾಗುತ್ತದೆಯೇ? ಆಗ ಸೊಂಟದ ಬಳಿ ನರ ಒತ್ತಿರಬಹುದು. ದಿನವಿಡೀ ನಿಂತಾಗ ಉಬ್ಬಿದ ನೀಲಿ ರಕ್ತನಾಳಗಳು ಕಾಣುತ್ತವೆಯೇ? ಅದನ್ನೂ ಹೇಳಿ. ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಿರಿ: ಏನು ಮಾಡಿದಾಗ, ಎಲ್ಲಿ, ಎಷ್ಟು ಹೊತ್ತು, ಏನು ಮಾಡಿದರೆ ಇಳಿಯಿತು. ಹತ್ತು ವೈದ್ಯರ ಚೀಟಿಗಿಂತ ಈ ನೋಟ್‌ಬುಕ್ ಹಿಡಿದು ಒಬ್ಬರೇ ವೈದ್ಯರ ಹತ್ತಿರ ಮತ್ತೆ ಮತ್ತೆ ಹೋಗುವುದರಲ್ಲಿ ನನಗೆ ಹೆಚ್ಚು ನಂಬಿಕೆ. ಕೊಪ್ಪದ ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಿ. ನರರೋಗ ತಜ್ಞರ ಅಗತ್ಯ ಬಿದ್ದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಚೀಟಿ ಬರೆಸಿಕೊಳ್ಳಿ.

ಕೆಲವಕ್ಕೆ ಮಾತ್ರ ನೋಟ್‌ಬುಕ್ ಬೇಡ, ಅಂದೇ ಹೊರಡಬೇಕು. ಒಂದೇ ಕಾಲು ಊದಿ ಬಿಸಿಯಾದರೆ, ಪಾದ ತಣ್ಣಗಾಗಿ ಬಿಳಿಚಿದರೆ, ಹೆಜ್ಜೆ ಎಳೆಯತೊಡಗಿದರೆ, ಮೂತ್ರ ಹಿಡಿತ ತಪ್ಪಿದರೆ ತಡ ಮಾಡಬೇಡಿ. ಜ್ವರದ ಜೊತೆ ಮೀನಖಂಡ ಮುಟ್ಟಲಾರದಷ್ಟು ನೋಯುವುದು ಇಲಿಜ್ವರ ಆಗಿರಬಹುದು. ಬೇಸಿಗೆಯಲ್ಲಿ ಕಾಡಿನಿಂದ ದರಗು ತಂದ ಮೇಲೆ ಜ್ವರ, ಮೈಕೈ ನೋವು ಬಂದರೆ ಮಂಗನ ಕಾಯಿಲೆಯನ್ನೂ ನೋಡಬೇಕು. ಮಲೆನಾಡಿನವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

‘ಮನಸ್ಸಿನದೇ ಆಟವಾ’ ಎಂದಿರಿ. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ನೋವು ಹೆಚ್ಚು ತಾಗುತ್ತದೆ, ಹೆದರಿಕೆಯಲ್ಲಿ ಸ್ನಾಯು ಇನ್ನೂ ಬಿಗಿಯುತ್ತದೆ. ಬಹಳ ದಿನದ ನೋವಿನಲ್ಲಿ ನರಗಳೇ ಸೂಕ್ಷ್ಮವಾಗಿಬಿಡುತ್ತವೆ. ಇದನ್ನು ಒಪ್ಪಿಕೊಂಡರೆ ನೋವು ಸುಳ್ಳೆಂದು ಒಪ್ಪಿಕೊಂಡಂತೆ ಆಗುವುದಿಲ್ಲ. ಎಲ್ಲ ಪರೀಕ್ಷೆ ಮುಗಿದ ಮೇಲೂ ಕಾರಣ ಸಿಗದೆ ಹೋಗಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಹಂದಿಗೋಡಿನವರು ತಮ್ಮ ಕಾಯಿಲೆಯ ಕಾರಣ ತಿಳಿಯಲು ವರ್ಷಗಟ್ಟಲೆ ಕಾದರು. ಆ ವರ್ಷಗಳಲ್ಲೂ ಅವರಿಗೆ ಊಟ, ಕೋಲು, ಹಿಡಿಯುವ ಕೈ ಬೇಕೇ ಇತ್ತು. ನಿಮ್ಮ ಆರೈಕೆಯೂ ರೋಗದ ಹೆಸರಿಗಾಗಿ ಕಾಯಬೇಕಿಲ್ಲ.

ಅಡಿಕೆ ಸುಲಿಯುವಾಗ ಕುಕ್ಕರಗಾಲಿನಲ್ಲಿ ಕೂರಬೇಡಿ, ಸ್ಟೂಲ್ ಕೇಳಿ ಪಡೆಯಿರಿ. ಬುಟ್ಟಿಯೊಂದು ತುಂಬಿದಾಗಲೆಲ್ಲ ಎದ್ದು ಗೋಡೆಗೆ ಕೈಕೊಟ್ಟು ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಊರಿ ಮೀನಖಂಡ ಎಳೆಯಿರಿ. ಅರ್ಧ ನಿಮಿಷ ಸಾಕು. ಬೆಳಿಗ್ಗೆ ಹಾಸಿಗೆಯಲ್ಲೇ ಪಾದವನ್ನು ನಿಮ್ಮ ಕಡೆಗೆ ಬಗ್ಗಿಸಿ ಹಿಡಿದು ಆಮೇಲೆ ಏಳಿ. ಸಿಮೆಂಟಿನ ಅಂಗಳದಲ್ಲಿ ಬರಿಗಾಲು ಬೇಡ, ಸವೆದ ಹವಾಯಿ ಚಪ್ಪಲಿಯೂ ಬೇಡ. ಅಂಗಾಲು ಉರಿಯುವವರಿಗೆ ಬಿಸಿಯ ಅಂದಾಜು ತಪ್ಪಬಹುದು. ಹಂಡೆಯ ನೀರನ್ನು ಮೊಣಕೈಯಿಂದ ಮುಟ್ಟಿ ನೋಡದೆ ಕಾಲಿಗೆ ಹಾಕಬೇಡಿ, ಮಳೆಗಾಲದಲ್ಲಿ ಒಲೆಯ ಬಾಯಿಗೆ ಕಾಲು ಚಾಚಬೇಡಿ. ಎಣ್ಣೆ ತಿಕ್ಕಿಸಿಕೊಂಡರೆ ಹಿತವೆನಿಸುವುದು ನಿಜ, ಕೊಪ್ಪದಲ್ಲಿ ಆಯುರ್ವೇದ ಕಾಲೇಜೇ ಇದೆ, ಓದಿದವರ ಹತ್ತಿರ ಹೋಗಿ. ಹೆಸರಿಲ್ಲದ ಪೊಟ್ಟಣದ ಪುಡಿ, ಮೆಡಿಕಲ್ ಶಾಪಿನಿಂದ ದಿನಾ ತಂದು ನುಂಗುವ ನೋವಿನ ಮಾತ್ರೆ ಎರಡೂ ಹೊಟ್ಟೆಗೆ, ಕಿಡ್ನಿಗೆ ಒಳ್ಳೆಯದಲ್ಲ.

ಮುಂದಿನ ಸಲ ಯಜಮಾನರನ್ನು ವೈದ್ಯರ ಕೋಣೆಯ ಒಳಕ್ಕೇ ಕರೆದುಕೊಂಡು ಹೋಗಿ, ಹೊರಗಿನ ಬೆಂಚಿನಲ್ಲಿ ಕೂರಿಸಬೇಡಿ. ಮಗಳ ಸಂಬಂಧದ ಮಾತಿಗೂ ನಿಮ್ಮ ಕಾಲಿಗೂ ಗಂಟು ಹಾಕಬೇಡಿ. ಕಾಯಿಲೆ ಯಾವುದೆಂದೇ ಗೊತ್ತಿಲ್ಲದೆ ಮುಚ್ಚಿಡುವುದು ಏನನ್ನು? ಸೊಂಟದ ಎಕ್ಸ್‌ರೇ ಬಂದ ಮೇಲೆ, ಬೇಕಿದ್ದರೆ, ಮಗಳನ್ನು ಕೂರಿಸಿಕೊಂಡು ನೀವೇ ಹೇಳಿ. ಅವಳಿಗೆ ಅದು ನಿಮ್ಮ ಬಾಯಿಂದ ತಿಳಿಯಲಿ.

ತವರಿನ ಆ ಇಬ್ಬರ ಬಗ್ಗೆಯೂ ಒಂದು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಚಲನವೈಕಲ್ಯವೂ ಕುಬ್ಜತೆಯೂ ಸೇರಿವೆ. ಅವರ ಹತ್ತಿರ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದೆಯೇ, ಮಾಸಾಶನ ಬರುತ್ತಿದೆಯೇ ಕೇಳಿ ನೋಡಿ. ಇಲ್ಲವಾದರೆ ಅವರ ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಲು ಹೇಳಿ. ತವರಿಗೆ ಹೋದಾಗ ನೀವೇ ಜೊತೆಗೆ ಹೋದರೆ ಇನ್ನೂ ಒಳ್ಳೆಯದು.